ಬೆಳಕು ಬೀಳುವ ಮೊದಲೇ

ಮೇಲಿನ ಸಭಾಂಗಣದಲ್ಲಿ ಅತ್ತಿಗೆಯ ಭಾಷಣಕ್ಕೆ ಜನ ಸೇರುತ್ತಿದ್ದರು. ನೆಲಮಾಳಿಗೆಯ ಲೇಸರ್ ಕೋಣೆಯಲ್ಲಿ ನಾದಿನಿ ಮಾತ್ರ ಪರದೆಯ ಮೇಲಿನ ಗೆರೆಯಿಂದ ಕಣ್ಣು ಕೀಳದೆ ಕೂತಿದ್ದಳು.

ಅಣ್ಣನ ಹೆಂಡತಿಯೇ ಪ್ರಯೋಗಾಲಯದ ಮುಖ್ಯಸ್ಥೆ. ಲೇಸರ್ ಬಡಿದ ಕ್ಷಣದಲ್ಲಿ ತಮ್ಮ ಹರಳು ಅತಿವಾಹಕವಾಗುತ್ತದೆ, ವಿದ್ಯುತ್ತು ಅದರೊಳಗೆ ತಡೆಯೇ ಇಲ್ಲದೆ ಹರಿಯುತ್ತದೆ ಎಂದು ಅವಳು ಸಾರಿ ವರ್ಷವಾಗಿತ್ತು. ಅದೆಲ್ಲ ಬರೀ ಕಾವಿನ ಆಟವೆಂದು ಕೆಲವರು ಮೂಗು ಮುರಿದಿದ್ದರು. ಅವರ ಬಾಯಿ ಮುಚ್ಚಿಸಲೆಂದೇ, ಹರಳಿನ ಪರಮಾಣುಗಳ ಜಾಲ ಎಷ್ಟು ಬಿಸಿಯಾಗುತ್ತದೆಂದು ಅಳೆಯುವ ಕೆಲಸ ನಾದಿನಿಯ ಹೆಗಲೇರಿತ್ತು. ಬೆಳಕಿನ ಒಂದು ಮಿಡಿತ ಹರಳನ್ನು ಬಡಿಯುತ್ತದೆ. ಬೆನ್ನಿಗೇ ಬರುವ ಇನ್ನೊಂದು, ಪರಮಾಣುಗಳು ಎಷ್ಟು ನಡುಗುತ್ತಿವೆಯೆಂದು ನೋಡಿ ಬರುತ್ತದೆ.

ನೋಡಿ ಬರುವ ಆ ಎರಡನೇ ಮಿಡಿತವನ್ನೇ ಅವಳು ಇವತ್ತು ಯಾಕೋ ಮೊದಲು ಕಳಿಸಿದ್ದಳು. ಹೊಡೆತ ಬೀಳುವ ಮುಂಚೆ ಹರಳು ತಣ್ಣಗಿರಬೇಕಿತ್ತು. ಇರಲಿಲ್ಲ. ಕನ್ನಡಿಗಳನ್ನು ಸರಿಪಡಿಸಿದಳು, ತಂಪಿನ ಕೊಳವೆ ಮುಟ್ಟಿ ನೋಡಿದಳು. ಕಾವು ತೋರುವ ಗೆರೆ ಜಪ್ಪಯ್ಯ ಎಂದರೂ ಇಳಿಯಲಿಲ್ಲ.

ಬಾಗಿಲು ತೆರೆಯಿತು. "ಇನ್ನೂ ಇಲ್ಲೇ ಇದೀಯಾ? ಎಲ್ಲರೂ ಬಂದಾಯ್ತಲ್ಲೇ," ಎಂದಳು ಅತ್ತಿಗೆ.

"ಅತ್ತಿಗೆ, ಹರಳು ಮೊದಲೇ ಬಿಸಿ ಇದೆ."

"ಯಾವುದಕ್ಕೆ ಮೊದಲು?"

"ಬೆಳಕು ಬೀಳೋಕೆ. ಒಂದು ಹೊಡೆತದ ಕಾವು ಆರೋಷ್ಟರಲ್ಲಿ ಇನ್ನೊಂದು ಬೀಳ್ತಿದೆ."

ಅತ್ತಿಗೆಗೆ ಬಿಡಿಸಿ ಹೇಳಬೇಕಾಗಿರಲಿಲ್ಲ: ತಾವು ಅತಿವಾಹಕದ ಗುರುತೆಂದುಕೊಂಡ ಗೆರೆಯ ಉಬ್ಬು, ಕೂಡಿಬಿದ್ದ ಕಾವೇ ಇರಬಹುದು. ಕೈಯಲ್ಲಿದ್ದ ಚೀಲ ಮೆಲ್ಲಗೆ ಕೆಳಗಿಟ್ಟಳು. "ಮೊಸರಲ್ಲಿ ಕಲ್ಲು ಹುಡುಕೋದೇ ನಿನ್ನ ತಂಗಿ ಕೆಲಸ ಅಂತ ನಿಮ್ಮಣ್ಣನಿಗೆ ಹೇಳ್ತಿರ್ತೀನಿ," ಎಂದಳು. ಇಬ್ಬರಿಗೂ ನಗು ಬರಲಿಲ್ಲ.

"ಮಿಡಿತಗಳನ್ನ ದೂರ ದೂರ ಬಿಟ್ಟು ನೋಡೋಣ. ನಿಜವಾಗಿದ್ರೆ ಗುರುತು ಉಳಿಯುತ್ತೆ."

"ಉಳೀದೆ ಹೋದ್ರೆ?"

ಹೊರಗಿನಿಂದ ಯಾರೋ, "ಮೇಡಂ, ಶುರು ಮಾಡೋಣ್ವಾ?" ಎಂದರು.

"ಬಂದೆ," ಎಂದ ಅತ್ತಿಗೆ ಕದಲದೆ ನಿಂತಳು. ಆಮೇಲೆ ತಗ್ಗಿದ ದನಿಯಲ್ಲಿ, "ಮಾಡು," ಎಂದಳು.

ನಾದಿನಿ ಗುಂಡಿ ತಿರುಗಿಸಿದಳು. ಮಿಡಿತಗಳ ನಡುವೆ ಬಿಡುವು ಸಿಕ್ಕಿದ್ದೇ ತಡ, ಹೊಡೆತಕ್ಕೆ ಮುಂಚಿನ ಗೆರೆ ತಳ ಕಂಡಿತು. ಹರಳು ಈಗ ತಣ್ಣಗಿತ್ತು. ಅತ್ತಿಗೆಗೆ ಹೆಸರು ತಂದಿದ್ದ ಆ ದೊಡ್ಡ ಉಬ್ಬು ಮಾತ್ರ ಕುಸಿದು, ಇದೆಯೋ ಇಲ್ಲವೋ ಎಂಬಷ್ಟು ಉಳಿಯಿತು.

"ಈ ಉಳಿದಿದ್ದು ಏನು, ಬರೀ ಯಂತ್ರದ ಗದ್ದಲಾನಾ?"

"ಗೊತ್ತಿಲ್ಲ. ಇನ್ನೂ ಅಳೀಬೇಕು. ಆದ್ರೆ ಹೋಗಿದ್ದೆಲ್ಲಾ ಕಾವೇ, ಅತ್ತಿಗೆ."

ಅತ್ತಿಗೆ ಚೀಲ ಎತ್ತಿಕೊಂಡಳು. "ಈ ಚಿತ್ರ ನಂಗೆ ಕಳಿಸು," ಎಂದವಳೇ ಮೆಟ್ಟಿಲು ಹತ್ತಿದಳು.

ಸಭೆಗೆ ಅವಳು ಮೊದಲು ತೋರಿಸಿದ್ದೇ ಆ ಗೆರೆಯನ್ನು. ಮುಂದಿನ ಸಾಲಿನಿಂದ ಒಬ್ಬ ಪ್ರೊಫೆಸರ್ ಎದ್ದು, "ಹಾಗಾದ್ರೆ ಹೋದ ವರ್ಷ ನೀವು ಹೇಳಿದ್ದು?" ಎಂದರು.

"ಬಹುಪಾಲು ತಪ್ಪು," ಎಂದಳು. ಹಿಂದೆ ನಿಂತಿದ್ದ ನಾದಿನಿಗೂ ಆ ಮಾತು ಸ್ಪಷ್ಟವಾಗಿ ಕೇಳಿಸಿತು.

ಸಭೆ ಮುಗಿದ ಮೇಲೆ ಇಬ್ಬರೂ ಕೆಳಗಿಳಿದರು. ಲೇಸರ್ ಕೋಣೆಯ ಬಾಗಿಲಲ್ಲಿ ಅತ್ತಿಗೆ ನಿಂತಳು.

"ನಿನ್ನ ಮೇಲೆ ಕೆಟ್ಟ ಕೋಪ ಬಂದಿದೆ ನಂಗೆ."

"ಗೊತ್ತು."

"ಎರಡು ದಿನ ಮನೆ ಕಡೆ ಬರಬೇಡ," ಎಂದು ಅತ್ತಿಗೆ ರಕ್ಷಣೆಯ ಕನ್ನಡಕ ತೊಟ್ಟು, ನಾದಿನಿಯದನ್ನು ಅವಳತ್ತ ಚಾಚಿದಳು. "ಈಗ ಬಾ, ಉಳಿದಿದ್ದೇನು ಅಂತ ನೋಡೋಣ."