ಹದಿನೇಳನೇ ನಂಬರಿನ ಕಾರಿಗೆ ಪೂಜೆ

ಆಯುಧಪೂಜೆಯ ಬೆಳಿಗ್ಗೆ ಎದುರು ಫ್ಲ್ಯಾಟಿನ ಸಿದ್ಧಾರ್ಥನ ಹೊಸ ಕಾರಿಗೆ ತಾವೇ ನಿಂತು ಪೂಜೆ ಮಾಡಿದ ಮಡಿವಾಳಪ್ಪನವರು, ಅವನನ್ನು ಕಾಫಿಗೆಂದು ಮನೆಗೆ ಕರೆತಂದರು. ಕಾಫಿ ಬರೀ ನೆಪ. ಕೂತವನ ತೊಡೆಯ ಮೇಲೆ ಹಳೇ ಆಲ್ಬಮ್ ಬಂದು ಬಿತ್ತು.

"ಶುರು ಆತು ನೋಡಪಾ, ಆಸ್ಟ್ರೇಲಿಯಾ ಪುರಾಣ!" ಎಂದು ಅಡುಗೆಮನೆಯಿಂದ ಗೌರಮ್ಮ ಕೂಗಿದರು.

ಪೀಣ್ಯದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದ ಮಡಿವಾಳಪ್ಪನವರನ್ನು ಕಂಪನಿ ಇಪ್ಪತ್ತೈದು ವರ್ಷಗಳ ಹಿಂದೆ ಹೊಸ ಲೇತ್ ಯಂತ್ರದ ಕೆಲಸ ಕಲಿಯಲು ಆಸ್ಟ್ರೇಲಿಯಾಕ್ಕೆ ಕಳಿಸಿತ್ತು. ಅಲ್ಲಿ ದಸರೆಯ ಒಂದು ಭಾನುವಾರ ಕಾರ್ ರೇಸಿಗೆ ಹೋಗಿ, ಹದಿನೇಳನೇ ನಂಬರಿನ ಕೆಂಪು ಕಾರಿಗೆ ತಾವು ಪೂಜೆ ಮಾಡಿದ್ದರಿಂದಲೇ ಅದು ಗೆದ್ದಿತು ಎಂಬುದು ಅವರ ಕಥೆ. ಪೀಣ್ಯದ ಟೀ ಅಂಗಡಿಗಳೆಲ್ಲ ನಂಬಿದ್ದವು. ನಂಬದವರು ಒಬ್ಬರೇ, ಕಟ್ಟಿಕೊಂಡ ಹೆಂಡತಿ. ಆಸ್ಟ್ರೇಲಿಯಾಕ್ಕೆ ಹೋಗಿದ್ದು ನಿಜ, ಕಾರು ಮುಟ್ಟಿದ್ದು ಹಸಿ ಸುಳ್ಳು ಎಂಬುದು ಆಕೆಯ ತೀರ್ಪು. ಊರೆಲ್ಲ ನಂಬಿ ಏನು ಬಂತು? ಆಕೆ ಒಮ್ಮೆ ಹೌದು ಅಂದರೆ ಸಾಕೆಂದು ಅವರ ಜೀವ ಇಷ್ಟು ವರ್ಷ ಹಂಬಲಿಸಿತ್ತು.

ಸಿದ್ಧಾರ್ಥ ಪುಟ ಮಗುಚಿದ. ಗುಡ್ಡದ ತಿರುವಿನಲ್ಲಿ ಧೂಳೆಬ್ಬಿಸುವ ಕಾರುಗಳು, ಟೋಪಿ ಹಾಕಿದ ಜನ, ರೇಸ್ ಶುರುವಾಗುವ ಗೆರೆಯ ಮೇಲೆ ನಿಂತ ಕೆಂಪು ಕಾರು.

"ಸಕ್ಕತ್ತಾಗಿವೆ ಅಂಕಲ್. ಆದ್ರೆ ಇಪ್ಪತ್ಮೂರು ಫೋಟೊದಲ್ಲಿ ಒಂದ್ರಲ್ಲೂ ನೀವಿಲ್ವಲ್ಲ?"

"ಕ್ಯಾಮೆರಾ ನನ್ನ ಕೈಯಾಗಿತ್ತಲ್ಲೋ!"

"ಈ ಫೋಟೊ ಎಲ್ಲಾ ಅಲ್ಲೇ ಅಂಗಡ್ಯಾಗ ಕೊಂಡು ತಂದಾರ," ಎನ್ನುತ್ತ ಗೌರಮ್ಮ ಕಾಫಿ ಇಟ್ಟರು. "ನಮ್ಮ ತಮ್ಮನ ಮದುವ್ಯಾಗ ಇವ್ರು ತಗದ ಫೋಟೊದಾಗ ಮದುಮಗನ ತಲೀನ ಇಲ್ಲ. ಇಷ್ಟು ಚಂದ ತಗದಾರಂದ್ರ ಯಾರು ನಂಬ್ತಾರ?"

ಸಿದ್ಧಾರ್ಥ ಕಿಸಕ್ಕನೆ ನಕ್ಕುಬಿಟ್ಟ. ಆ ನಗು ಮಡಿವಾಳಪ್ಪನವರಿಗೆ ನಾಟಿತು. ಇನ್ನು ಮಾನ ಹೋದರೆ ಹೋಗಲಿ ಎಂದು, ಕೊನೆಯ ಫೋಟೊದ ಹಿಂದೆ ಬಚ್ಚಿಟ್ಟಿದ್ದ ಇಪ್ಪತ್ತನಾಲ್ಕನೆಯದನ್ನು ಎಳೆದು ಮೇಜಿನ ಮೇಲಿಟ್ಟರು.

ಅದರಲ್ಲಿ ಅವರಿದ್ದರು. ಹಿಂದೆ ಅದೇ ಕೆಂಪು ಕಾರು, ಬಾನೆಟ್ ಮೇಲೆ ಮೂರು ಪಟ್ಟೆ ವಿಭೂತಿ, ಒಳಗಿಂದ ಹೊಗೆ. ಒಬ್ಬ ದೈತ್ಯ ಮೆಕ್ಯಾನಿಕ್ ನಜ್ಜುಗುಜ್ಜಾದ ಹಳದಿ ಹೂಗಳನ್ನು ಮುಷ್ಟಿಯಲ್ಲಿ ಹಿಡಿದು ಅವರ ಮೂಗಿನ ಮುಂದೆ ಆಡಿಸುತ್ತಿದ್ದ. ಅವರು ಕೈ ಮುಗಿದು ನಿಂತಿದ್ದರು.

"ಗೆದ್ದ ಮ್ಯಾಲೆ ಕಾರಿನ ಜೋಡಿ ನಂದೊಂದು ತಗಿ ಅಂತ ಪಕ್ಕದಾಂವಗ ಕ್ಯಾಮೆರಾ ಕೊಟ್ಟಿದ್ದೆ. ಆ ಪುಣ್ಯಾತ್ಮ ನಾ ಬೈಸ್ಕೊಳ್ಳೂವಾಗ್ಲೇ ಒತ್ತಿಬಿಟ್ಟ," ಎಂದರು ತಲೆ ಬಗ್ಗಿಸಿ. "ಲೇತಿನ ಮ್ಯಾಲೆ ಹೂವು ಏರಿಸೂಹಂಗ ಬಾನೆಟ್ ಮ್ಯಾಲೆ ಒಂದು ಬೊಗಸಿ ಏರಿಸಿದ್ದೆ. ಅಲ್ಲೊಂದು ಎಂಜಿನ್ನಿಗೆ ಗಾಳಿ ಹೋಗೋ ತೂತಿತ್ತು. ಎಲ್ಲಾ ಒಳಗ ಎಳಕೊಂತು. ಕಾರು ಒಂದು ಸುತ್ತೂ ಮುಗಸಲಿಲ್ಲ."

ಸಿದ್ಧಾರ್ಥ ಹೊಟ್ಟೆ ಹಿಡಿದು ನಕ್ಕ. ನಗುತ್ತ ನಗುತ್ತ ತಟ್ಟನೆ ಎದ್ದು ನಿಂತ. "ಅಂಕಲ್, ಈಗ್ತಾನೆ ನನ್ ಕಾರ್ ಮೇಲೆ ಹೂವು ಎಲ್ಲೆಲ್ಲಿ ಹಾಕಿದ್ರಿ?"

ಉತ್ತರಕ್ಕೂ ಕಾಯದೆ ಲಿಫ್ಟಿನ ಕಡೆ ಓಡಿದ. ಕಾಫಿ ಅಲ್ಲೇ ಉಳಿಯಿತು.

ಗೌರಮ್ಮ ಕನ್ನಡಕ ಏರಿಸಿ ಫೋಟೊವನ್ನು ಬಹಳ ಹೊತ್ತು ನೋಡಿದರು. ಮಡಿವಾಳಪ್ಪನವರು ಬೈಗುಳಕ್ಕೆ ಸಿದ್ಧರಾಗಿ ಕೂತರು.

"ಕಾರು ಮುಟ್ಟಿದ್ದು ಖರೇನ ಬಿಡ್ರಿ," ಎಂದರು ಆಕೆ. "ಈ ಕೆಲಸಾ ಜಗತ್ತಿನಾಗ ಬ್ಯಾರೆ ಯಾರೂ ಮಾಡಂಗಿಲ್ಲ."