ಮಲಗಿರುವ ಕೂಸನ್ನು ಕಟ್ಟಿಡಬಾರದು

ಹಬ್ಬದ ದಿನಗಳಲ್ಲಿ ಮನೆ ಊರವರದು, ಹಬ್ಬ ಮುಗಿದ ಮೇಲೆ ನನ್ನದು. ಡಿಸೆಂಬರ್ ಹದಿನಾರರಿಂದ ನಮ್ಮ ಬೆಟ್ಟದೂರಿನಲ್ಲಿ ಯಾರ ಮನೆಗೆ ಯಾರು ಬೇಕಾದರೂ ನುಗ್ಗುತ್ತಾರೆ, ತಿನ್ನುತ್ತಾರೆ, ಹಾಡುತ್ತಾರೆ, ಬೂಟಿನ ಕೆಸರು ಬಿಟ್ಟು ಹೋಗುತ್ತಾರೆ. ಜನವರಿ ಆರು, ಮೂವರು ರಾಜರ ದಿನ, ಬಂತೆಂದರೆ ನಾನು ಪೊರಕೆ ಹಿಡಿಯುತ್ತೇನೆ. ಹಿಟ್ಟು ಕಟ್ಟಿ ಬೇಯಿಸಿದ ಬಾಳೆಲೆಯ ಚೂರು, ಖಾಲಿ ಬಾಟಲಿ, ಬಣ್ಣದ ಕಾಗದ, ಉರಿಯದ ಪುಟ್ಟ ದೀಪಗಳ ಸರ, ಎಲ್ಲವೂ ಮಧ್ಯಾಹ್ನದೊಳಗೆ ಹೊರಗೆ. ಉಳಿದದ್ದು ಪೆಟ್ಟಿಗೆಗೆ, ಪೆಟ್ಟಿಗೆ ಅಟ್ಟಕ್ಕೆ. ಬೆನ್ನ ಹಿಂದೆ ನನ್ನನ್ನು ಪೊರಕೆ ಎರ್ಮಿಂದಾ ಅನ್ನುತ್ತಾರಂತೆ. ಅನ್ನಲಿ. ಅವರ ಮನೆಗಳಲ್ಲಿ ಒಂದು ಕತ್ತರಿ ಹುಡುಕಲು ಅರ್ಧ ದಿನ ಬೇಕು.

ಅಮ್ಮನ ಕ್ರಿಸ್ಮಸ್ ಗೋದಲಿಯೊಂದೇ ನನ್ನ ಕೈಗೆ ಬಗ್ಗುತ್ತಿರಲಿಲ್ಲ. ಮುಂದಿನ ಕೋಣೆಯ ಅರ್ಧ ಅದಕ್ಕೇ. ಗೋಣಿತಾಟಿಗೆ ಹಸಿರು ಬಳಿದು ಬೆಟ್ಟ, ಒಡೆದ ಕನ್ನಡಿಯಲ್ಲಿ ಕೆರೆ, ತಗಡಿನ ಡಬ್ಬಿಗಳಲ್ಲಿ ಮೊಳೆತ ಗೋಧಿ, ಕುರಿಗಳ ನಡುವೆ ಒಂದು ಪ್ಲಾಸ್ಟಿಕ್ ಬಸ್ಸು. ಬಸ್ಸು ಯಾಕೆ ಎಂದರೆ, ‘ಅಷ್ಟು ದೂರದಿಂದ ಬರೋರು ಹೆಂಗೆ ಬರ್ಬೇಕು?’ ಅನ್ನುತ್ತಿದ್ದಳು. ನಡುವೆ ಮರಿಯ, ಜೋಸೆಫ್, ಹುಲ್ಲಿನ ಮೇಲೆ ಹೆಬ್ಬೆರಳಿನಷ್ಟೇ ಇರುವ ಕೂಸು.

ಆ ಕೂಸನ್ನು ಮಲಗಿದ ಹಾಗೆಯೇ ಕಟ್ಟಿಡುವಂತಿಲ್ಲ. ಫೆಬ್ರುವರಿ ಎರಡರೊಳಗೆ ಒಂದು ದಿನ ರೇಷ್ಮೆ ಕರವಸ್ತ್ರದಲ್ಲಿ ಅದನ್ನಿಟ್ಟು, ನಾಲ್ವರು ನಾಲ್ಕು ಮೂಲೆ ಹಿಡಿದು, ಪಿಟೀಲಿನ ಹಿಂದೆ ಬೀದಿ ಸುತ್ತಿ ಬಂದು, ಕಾಲ ಮೇಲೆ ನಿಲ್ಲಿಸಬೇಕು. ಎಲ್ಲರಿಗೂ ಕೇಕು, ಕಾಡುಹಣ್ಣಿನ ವೈನು. ಆಮೇಲೆ ಗೋದಲಿ ಬಿಚ್ಚಬಹುದು. ನಿಲ್ಲಿಸಲು ತಡಮಾಡಿದರೆ ನೆರೆಯವರು ಕೂಸನ್ನು ಕದಿಯುತ್ತಾರೆ. ಆಗ ಮನೆಯವರು ಹಾಡುಗಾರರನ್ನು ಕಟ್ಟಿಕೊಂಡು ಮನೆಮನೆ ಬಾಗಿಲು ಬಡಿದು ಕೇಳಿಕೊಂಡು ಬರಬೇಕು.

ಈ ವರ್ಷ ಆರನೇ ತಾರೀಕು ನಾನು ಗೋಧಿಯ ಡಬ್ಬಿಗೆ ಕೈ ಹಾಕಿದೆ. ಮೊಳಕೆ ಹಳದಿಯಾಗಿ ಮುಗ್ಗಲು ವಾಸನೆ ಹೊಡೆಯುತ್ತಿತ್ತು.

“ಬಿಡೇ ಅದನ್ನ. ಕೂಸಿನ್ನೂ ನಿಂತಿಲ್ಲ,” ಎಂದಳು ಅಮ್ಮ.

“ಈ ವರ್ಷ ನಿಂಗೆ ಎದೆನೋವು. ಅಷ್ಟು ಜನಕ್ಕೆ ಯಾರು ಬೇಯಿಸಿ ಹಾಕ್ತಾರೆ? ಕಟ್ಟಿಟ್ಬಿಡೋಣ. ಮುಂದಿನ ವರ್ಷ ಎರಡು ಸಲ ನಿಲ್ಲಿಸಿದ್ರಾಯ್ತು.”

“ನಿಂಗೆ ಬಿಟ್ರೆ ನನ್ನನ್ನೂ ಹೆಸರು ಬರೆದು ಅಟ್ಟಕ್ಕೆ ಹಾಕ್ತೀಯ!”

ನಗುತ್ತಲೇ ಅಂದಳು. ನಾನೂ ನಕ್ಕೆ. ಹನ್ನೆರಡನೇ ತಾರೀಕು ಬೆಳಗ್ಗೆ ಅಮ್ಮ ಏಳಲಿಲ್ಲ.

ಒಂಬತ್ತು ದಿನ ಜಪಸರದ ಪ್ರಾರ್ಥನೆ ನಡೆಯಿತು, ಮನೆ ತುಂಬ ಜನ, ಕಾಫಿ, ಕುರ್ಚಿ. ಹತ್ತನೇ ದಿನ ನಸುಕಿಗೆ ಎದ್ದು ಕುರ್ಚಿಗಳನ್ನು ಹಿಂದಿರುಗಿಸಿದೆ, ನೆಲ ತೊಳೆದೆ. ಅಮ್ಮನ ಬಟ್ಟೆಗಳನ್ನು, ಬಾಗಿಲ ಹಿಂದೆ ನೇತುಹಾಕಿದ್ದವನ್ನೂ ಸೇರಿಸಿ, ಒಂದೇ ಗೋಣಿಗೆ ತುಂಬಿ ಬಡವರಿಗೆಂದು ಚರ್ಚಿಗೆ ಹೊತ್ತುಹಾಕಿದೆ. ಹನ್ನೊಂದು ಗಂಟೆಗೆ ತಂಗಿ ಒಲೀವಾ ಬಂದಳು. ಅವಳು ಮೂರು ಬೀದಿ ಕೆಳಗಿದ್ದಾಳೆ, ಉಣ್ಣೆ ಅಂಗಿ ಹೆಣೆಯುತ್ತಾಳೆ, ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಬರಿದಾದ ಬೀರು ನೋಡಿ ಅಲ್ಲೇ ನಿಂತಳು.

“ಎಲ್ಲಿ?”

“ಕೊಟ್ಟೆ. ಇಟ್ಕೊಂಡು ಏನ್ ಮಾಡೋದು, ಹುಳ ಹಿಡಿಸೋದಾ?”

“ಮೇಣದಬತ್ತಿ ಇನ್ನೂ ಬಿಸಿ ಇದೆ, ಅಕ್ಕ. ಅಮ್ಮ ಏನು ನಿಂಗೆ ಹಬ್ಬದ ಕಸವಾ?”

ಅಷ್ಟು ಹೇಳಿ ಹೋದವಳು ಮತ್ತೆ ಬರಲಿಲ್ಲ. ಚರ್ಚಿನಲ್ಲಿ ಎದುರಾದಾಗ ಮುಖ ತಿರುಗಿಸಿದಳು. ನಾನೂ ಕಮ್ಮಿಯಿಲ್ಲ, ತಿರುಗಿಸಿದೆ. ಆದರೆ ನನಗೆ ಗಂಡನಿಲ್ಲ, ಮಕ್ಕಳಿಲ್ಲ. ಅಮ್ಮ ಹೋದ ಮೇಲೆ ನನ್ನವರೆಂದು ಉಳಿದದ್ದು ಅವಳೊಬ್ಬಳೇ. ಅವಳೂ ಹೋದರೆ ಈ ಒಪ್ಪವಾದ ಮನೆಯಲ್ಲಿ ನಾನು ಯಾರೊಂದಿಗೆ ಜಗಳವಾಡಲಿ?

ಜಗಳದ ಮಾರನೇ ದಿನವೇ, ಆರನೇ ತಾರೀಕಿನಿಂದ ಹತ್ತಿರ ಹೋಗದಿದ್ದ ಗೋದಲಿಯನ್ನು ಬಿಚ್ಚಲು ಪೆಟ್ಟಿಗೆ ತಂದೆ. ಕೂಸಿರಲಿಲ್ಲ. ಹುಲ್ಲಿನಲ್ಲಿ ಅದು ಮಲಗಿದ್ದ ಪುಟ್ಟ ತಗ್ಗಿತ್ತು, ಅಷ್ಟೇ. ಮನೆಯ ಇನ್ನೊಂದು ಬೀಗದ ಕೈ ಇರುವುದು ಒಲೀವಾಳ ಹತ್ತಿರ. ಸರಿ, ಕದ್ದಿದ್ದಾಳೆ, ನಾನಾಗಿ ಅವಳ ಬಾಗಿಲಿಗೆ ಹೋಗಿ ಬೇಡಲಿ ಅಂತ. ನನಗೆ ಮೈ ಉರಿಯಿತು. ಕೂಸಿಲ್ಲದೆಯೇ ಕಟ್ಟಿಬಿಡುತ್ತೇನೆಂದು ಮರಿಯಳನ್ನು ಕೈಗೆ ತೆಗೆದುಕೊಂಡೆ. ಖಾಲಿ ಹುಲ್ಲಿನ ಕಡೆ ಕೈ ಚಾಚಿ ಮೊಣಕಾಲೂರಿದವಳು. ಅವಳನ್ನು ಕಾಗದದಲ್ಲಿ ಸುತ್ತಲು ಆಗಲಿಲ್ಲ, ವಾಪಸು ಇಟ್ಟೆ. ಮನೆಯೆಲ್ಲ ಕನ್ನಡಿಯಂತೆ ಹೊಳೆಯುತ್ತಿತ್ತು, ಮುಂದಿನ ಕೋಣೆಯಲ್ಲಿ ಮಾತ್ರ ಗೋಧಿ ಕೊಳೆಯುತ್ತಿತ್ತು.

ಪಿಟೀಲಿನ ಎಲಾದಿಯೊ ಮಾಮ ಜನವರಿಯ ಕೊನೆಗೆ ಬಂದ.

“ಏನಮ್ಮ ಎರ್ಮಿಂದಾ, ಕೂಸು ಕಳುವಾಯ್ತಂತೆ? ತಂತಿ ಬಿಗಿ ಮಾಡಿಟ್ಟಿದೀನಿ. ಯಾವಾಗ ಹೊರಡೋಣ?”

“ಇದು ಸಾವಾಗಿರೋ ಮನೆ, ಮಾಮ.”

“ಸಾವಿನ ದುಃಖ ನಿಂಗೆ. ಕೂಸು ಏನ್ ಪಾಪ ಮಾಡ್ತು? ವರ್ಷವಿಡೀ ಮಲಗಿರ್ಬೇಕಾ?”

“ಕದ್ದವಳು ಯಾರು ಅಂತ ನಂಗೊತ್ತು.”

“ಊರಿಗೇ ಗೊತ್ತು. ಗೊತ್ತಿದ್ರೂ ಎಲ್ಲಾ ಬಾಗಿಲೂ ಬಡೀಬೇಕು, ಗೊತ್ತಿರೋ ಬಾಗಿಲು ಕೊನೇಗೆ. ಅಷ್ಟು ಹೊತ್ತಿಗೆ ನಡೆದೂ ನಡೆದೂ ಸಿಟ್ಟಿಳಿದಿರುತ್ತೆ. ನಮ್ಮ ಹಿರಿಯರೇನು ಪೆದ್ದರಾ?”

ಫೆಬ್ರುವರಿ ಎರಡನೇ ತಾರೀಕು ಮಧ್ಯಾಹ್ನ ಹೊರಟೆವು. ಮುಂದೆ ಮಾಮನ ಪಿಟೀಲು, ಹಿಂದೆ ಹಾಡುವವರು, ನಡುವೆ ಖಾಲಿ ರೇಷ್ಮೆ ವಸ್ತ್ರ ಹಿಡಿದ ನಾನು. ಬೆಳ್ಳುಳ್ಳಿ ಹೊಲಗಳ ಮೇಲೆ ಮಂಜು ಇಳಿಯುತ್ತಿತ್ತು. ಮೊದಲ ಮನೆಯವಳು ಸೊಂಟಕ್ಕೆ ಕೈಯಿಟ್ಟು, “ನಮ್ಮನೇಲಿ ನಾಲ್ಕು ಕೂಸಿವೆ, ಬೇಕಾದ್ದು ಎತ್ಕೊಂಡು ಹೋಗು, ವಾಪಸ್ ತರ್ಬೇಡ!” ಎಂದಳು. ಎರಡನೆಯ ಮನೆಯಲ್ಲಿ ಬೆಲ್ಲದ ನೀರು ಕೊಟ್ಟು, “ನೀನೇ ಗುಡಿಸಿ ಎಸೆದಿರ್ತೀಯ, ತಿಪ್ಪೇಲಿ ನೋಡು,” ಎಂದು ಮುದುಕನೊಬ್ಬ ಕಿಚಾಯಿಸಿದ. ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ. ಹನ್ನೊಂದು ಬಾಗಿಲು ಬಡಿದೆವು. ಮಾಮ ಹೇಳಿದ್ದು ಸುಳ್ಳಲ್ಲ. ಒಲೀವಾಳ ಬೀದಿಗೆ ತಿರುಗುವಾಗ ನನ್ನಲ್ಲಿ ಸಿಟ್ಟು ಉಳಿದಿರಲಿಲ್ಲ, ಬರೀ ಹೆದರಿಕೆ. ಬಾಗಿಲು ತೆಗೆಯದಿದ್ದರೆ?

ಬಡಿಯುವ ಮುಂಚೆಯೇ ತೆಗೆದಳು. ನಗುತ್ತಿರಲಿಲ್ಲ.

“ಒಲೀವಾ, ನನ್ನ ಕೂಸು ನಿನ್ನ ಹತ್ರ ಇದ್ಯಾ?”

“ಇದೆ.”

ಹಿಂದಿದ್ದವರು ಹೋ ಎಂದು ಕೂಗಿದರು. ಒಲೀವಾ ಕೈಯೆತ್ತಿ ಸುಮ್ಮನಾಗಿಸಿದಳು.

“ನಾನು ಕದ್ದಿಲ್ಲ ಅಕ್ಕ. ನೀನೇ ಕೊಟ್ಟಿದ್ದು. ಒಳಗೆ ಬಾ.”

ಉಣ್ಣೆಯ ಉಂಡೆಗಳನ್ನು ದಾಟಿ ಅವಳ ಮಲಗುವ ಕೋಣೆಗೆ ಹೋದೆ. ಹಾಸಿಗೆಯ ಮೇಲೆ ಅಮ್ಮನ ಬಟ್ಟೆಗಳು ಒಂದರ ಪಕ್ಕ ಒಂದು ಮಲಗಿದ್ದವು. ನಾನು ಚರ್ಚಿಗೆ ಹೊತ್ತುಹಾಕಿದ ದಿನವೇ ಹೋಗಿ ಗೋಣಿಯನ್ನು ಬಿಡಿಸಿಕೊಂಡು ಬಂದಿದ್ದಳಂತೆ. ದಿಂಬಿನ ಮೇಲೆ, ಅಮ್ಮನ ಚೌಕಳಿ ಕರವಸ್ತ್ರದಲ್ಲಿ ಕುತ್ತಿಗೆತನಕ ಸುತ್ತಿದ ಕೂಸು.

“ನೀಲಿ ಏಪ್ರನ್ನಿನ ಜೇಬಲ್ಲಿತ್ತು,” ಎಂದಳು. “ಅಮ್ಮನೇ ಬಚ್ಚಿಟ್ಟಿರ್ಬೇಕು. ನೀನೆಲ್ಲಿ ಮಲಗಿಸೇ ಕಟ್ಟಿಬಿಡ್ತೀಯೋ ಅಂತ.”

ಕೊನೆಯ ಆರು ದಿನ ನನ್ನ ಅಮ್ಮ ನನಗೆ ಹೆದರಿ ಒಂದು ಕೂಸನ್ನು ಜೇಬಿನಲ್ಲಿಟ್ಟುಕೊಂಡು ಮನೆಯೊಳಗೆ ಓಡಾಡಿದ್ದಳು. ನಾನು ಅದೇ ಮನೆಯನ್ನು ಗುಡಿಸುತ್ತಿದ್ದೆ.

“ಜೇಬು ನೋಡ್ಲಿಲ್ವಾ ಅಕ್ಕ ನೀನು? ಒಗೆಯೋಕೆ ಹಾಕೋವಾಗ ನನ್ನ ಜೇಬಿಂದ ಗುಂಡುಸೂಜಿ ಕೂಡ ಹುಡುಕಿ ತೆಗೀತಿದ್ದವಳು!”

“ನೋಡ್ಲಿಲ್ಲ.”

“ಯಾಕೆ?”

ಯಾಕೆಂದು ನನಗೆ ಗೊತ್ತಿತ್ತು. ಇದುವರೆಗೆ ಯಾರಿಗೂ ಹೇಳಿರಲಿಲ್ಲ, ನನಗೆ ನಾನೂ ಹೇಳಿಕೊಂಡಿರಲಿಲ್ಲ.

“ಕೈ ಹಾಕಿದ್ರೆ ಕೊಡೋಕೆ ಆಗ್ತಿರ್ಲಿಲ್ಲ, ಒಲೀವಾ. ಕಣ್ಮುಚ್ಕೊಂಡು ತುಂಬಿದೆ. ನಿಧಾನ ಮಾಡಿದ್ರೆ ಅಲ್ಲೇ ಕುಸಿದುಬೀಳ್ತಿದ್ದೆ.”

ಅವಳು ಹಾಸಿಗೆಯ ಒಂದು ತುದಿಯಲ್ಲಿ ಬಟ್ಟೆ ಸರಿಸಿ ನನಗೆ ಜಾಗ ಮಾಡಿದಳು.

“ಮೊದಲನೇ ಜೇಬಲ್ಲೇ ಇದು ಸಿಕ್ತು,” ಎಂದಳು. “ಇನ್ನೂ ಏಳು ಜೇಬಿವೆ. ನಂಗೂ ಕೈ ಹಾಕೋಕಾಗಿಲ್ಲ. ದಿನಾ ಬಂದು ಕೂತ್ಕೋತೀನಿ, ಎದ್ದು ಹೋಗ್ತೀನಿ.”

ಬೀದಿಯಿಂದ ಎಲಾದಿಯೊ ಮಾಮ ಕೂಗಿದ. “ಏನ್ರಮ್ಮಾ, ಕೂಸು ಎದ್ದು ನಿಂತುಕೊಳ್ತಾ ಇಲ್ವಾ? ಚಳಿಗೆ ಬೆರಳು ಸೆಟೆದು ಹೋಯ್ತು!”

“ಇನ್ನೊಂದು ಗಳಿಗೆ ತಾಳು ಮಾಮಾ,” ಎಂದು ನಾನು ಕೂಗಿದೆ.

ಕಂದು ಬಣ್ಣದ ಉಣ್ಣೆ ಅಂಗಿಯನ್ನು ನಮ್ಮಿಬ್ಬರ ಮಡಿಲ ಮೇಲೆ ಎಳೆದುಕೊಂಡೆವು. ಅದಕ್ಕೆ ಎರಡು ಜೇಬು, ಒಂದು ಅವಳ ಕಡೆಗೆ, ಒಂದು ನನ್ನ ಕಡೆಗೆ. ಒಟ್ಟಿಗೆ ಕೈ ಹಾಕಿದೆವು.