ಕಣಗಿಲದ ಒಣ ಎಲೆ

ಮುಶಿಗೇರಿಯ ನಮ್ಮ ಹಿತ್ತಲಿಗೆ ಕಣಗಿಲ ತಂದವಳು ನಾನೇ. ನರಗುಂದದ ಕೋಟೆ ಇಂಗ್ರೇಜರ ಕೈಗೆ ಬೀಳುವ ಎರಡು ವರ್ಷ ಮುಂಚೆ, ತವರಿನಿಂದ ಬೆರಳು ಗಾತ್ರದ ಮೂರು ಕಡ್ಡಿ ತಂದು, ಗಡಿಗೆಯ ನೀರಿನಲ್ಲಿಟ್ಟು ಬೇರು ಬರಿಸಿ ನೆಟ್ಟೆ. ಲಿಂಗಪೂಜೆಗೆ ಮನೆಯದೇ ಹೂ ಬೇಕೆಂಬ ಹಟ ನನ್ನದು.

"ದನಾ ಇರೂ ಮನ್ಯಾಗ ವಿಷದ ಗಿಡ ಯಾಕ?" ಎಂದು ನಮ್ಮ ಯಜಮಾನರು ಗೊಣಗಿದರು. ಆಳು ದುರಗಪ್ಪ ಒಂದು ಎಲೆ ಕಿತ್ತು, ತಾನು ಕರುವಿನಿಂದ ಸಾಕಿದ ಬಿಳಿ ಎತ್ತಿನ ಮೂತಿಗೆ ಹಿಡಿದ. ಎತ್ತು ಮೂಸಿ ಮುಖ ತಿರುಗಿಸಿತು.

"ನೋಡ್ರಿ ಅಪ್ಪಾರ, ದನಕ್ಕ ನಮಗಿಂತ ಬುದ್ಧಿ ಭಾಳ ಐತಿ. ಮುಟ್ಟೂದಿಲ್ಲ."

ಅವನು ಹೇಳಿದ್ದು ಖರೇ, ಹಸಿ ಎಲೆಯ ಮಟ್ಟಿಗೆ.

ಗಿಡ ಸೊಕ್ಕಿ ಬೆಳೆಯಿತು. ಕೋಟೆ ಬಿದ್ದ ಮರುವರ್ಷ, ಜೋಳದ ಸುಗ್ಗಿ ಮುಗಿದ ಮೇಲೆ, ಸವರಿದರೆ ಹೂ ಹೆಚ್ಚು ಬಿಡುತ್ತದೆಂದು ನಾನೇ ಕುಡುಗೋಲು ಹಿಡಿದು ಸವರಿದೆ. ಒಲೆಗಾದೀತು ಎಂಬ ಜಾಣತನ ಬೇರೆ! ಟೊಂಗೆಗಳನ್ನು ದನದ ಮೇವಿಗೆಂದು ಒಟ್ಟಿದ ಜೋಳದ ಕಣಿಕೆಯ ಬಣವೆಯ ಮೇಲೆ ಒಣಗಲು ಹಾಕಿದೆ. ಎಲೆಗಳು ಉದುರಿ ಮೇವಿನಲ್ಲಿ ಬೆರೆತವು. ಒಣಗಿದ ಮೇಲೆ ಕಣಗಿಲದ ಕಹಿ ದನಕ್ಕೆ ತಿಳಿಯುವುದಿಲ್ಲ, ವಿಷ ಮಾತ್ರ ಹಾಗೇ ಇರುತ್ತದೆ. ಕೆಟ್ಟ ಮೇಲೆ ಬಂದ ಬುದ್ಧಿ ಇದು.

ಒಂದು ದಿನ ಮುಂಜಾನೆ ಮೇವು ತಿಂದ ಬಿಳಿ ಎತ್ತು ಮಧ್ಯಾಹ್ನಕ್ಕೆ ಕಾಲು ಝಾಡಿಸಿ ಸತ್ತಿತು. ದುರಗಪ್ಪ ಅದರ ಕೊರಳು ತಬ್ಬಿ ಕೂತುಬಿಟ್ಟ. ನಾನು ಗೋದಲಿಯಲ್ಲಿ ಉಳಿದ ಮೇವು ಕೆದಕಿದೆ. ಕಣಿಕೆಯ ಚೂರುಗಳ ನಡುವೆ ಸಪೂರ ಎಲೆಗಳು, ಒಂದೊಂದರ ನಡುವೆಯೂ ನೆಟ್ಟನೆಯ ಒಂದೇ ನರ. ಕೈಯಾರೆ ಬೆಳೆಸಿದವಳಿಗೆ ಗುರುತು ಹೇಗೆ ತಪ್ಪೀತು? ಹೆದರಿಕೆಯಿಂದ ಅಷ್ಟನ್ನೂ ಆಯ್ದು ಉಡಿಯಲ್ಲಿ ಕಟ್ಟಿಕೊಂಡೆ.

"ಜೋಳ ಕೊಯ್ದ ಕೂಳ್ಯಾಗಿನ ಚಿಗುರು ಮೇಯಿಸಿದಿ ನೀ! ಎಳೀ ಚಿಗುರು ವಿಷ ಅಂತ ಗೊತ್ತಿಲ್ಲೇನ? ನಡಿ, ಮನಿ ಬಿಟ್ಟ ನಡಿ!" ಯಜಮಾನರ ಕೂಗಿಗೆ ಓಣಿಯೇ ನೆರೆಯಿತು.

"ದೇವರಾಣಿ ಇಲ್ರಿ ಅಪ್ಪಾರ." ದುರಗಪ್ಪ ನನ್ನ ಕಡೆ ತಿರುಗಿದ. "ಅವ್ವಾರ, ನೀವರ ಹೇಳ್ರಿ. ನಾ ಬರೇ ಕಣಿಕಿ ಹಾಕಿದ್ದು ನೀವ ನೋಡೀರಿ. ಎತ್ತು ಕೊಂದಾಂವ ಅನಿಸಿಕೊಂಡ್ರ ಯಾವ ಊರಾಗ ನನ್ನ ಇಟಗೋತಾರ್ರಿ?"

ಎಲ್ಲರೂ ನನ್ನನ್ನೇ ನೋಡಿದರು. ಒಂದು ಮಾತು ಸಾಕಿತ್ತು. ನಾಚಿಕೆಗಿಂತ ಗಂಡನ ಹೆದರಿಕೆ ದೊಡ್ಡದಾಯಿತು.

"ನಾ ನೋಡಿಲ್ಲಪ್ಪಾ," ಅಂದೆ.

ಸಂಜೆಯೊಳಗೆ ದುರಗಪ್ಪ ಹೆಂಡತಿ ಮಾನವ್ವನನ್ನು ಕರೆದುಕೊಂಡು, ಕೆಲಸ ಹುಡುಕಿ ಅಬ್ಬಿಗೇರಿಯ ದಾರಿ ಹಿಡಿದ. ಅಲ್ಲಿಗೆ ಸುದ್ದಿ ಅವನಿಗಿಂತ ಮೊದಲೇ ಮುಟ್ಟಿತ್ತು.